ಟಿನ್ ಫ್ಯಾಕ್ಟರಿಯ ತಾರಸಿಯಲ್ಲಿ ಎರಡು ದಿನದ ಕೌದಿ

ಬೆಂಗಳೂರಿನ ಟಿನ್ ಫ್ಯಾಕ್ಟರಿಯಲ್ಲಿ ಯಾರೂ ಕೂರುವುದಿಲ್ಲ. ಹಳೆ ಮದ್ರಾಸ್ ರಸ್ತೆಯೂ ಹೊರವರ್ತುಲ ರಸ್ತೆಯೂ ಸಂಧಿಸುವ ಇಲ್ಲಿಗೆ ಬರುವವರು ಹೆಚ್ಚಿನಂಶ ಬಸ್ಸು ಬದಲಿಸುವವರು. ಒಂದು ಕಡೆ ‘ಕೋಲಾರ, ಮುಳಬಾಗಿಲು’ ಎಂಬ ಕೂಗು, ಇನ್ನೊಂದು ಕಡೆ ‘ಮಾರತ್‌ಹಳ್ಳಿ, ಸಿಲ್ಕ್‌ಬೋರ್ಡ್’. ಅತ್ತ ಕೆ.ಆರ್. ಪುರದ ತೂಗುಸೇತುವೆ, ಇತ್ತ 2023ರ ಅಕ್ಟೋಬರಿನಿಂದ ಓಡುತ್ತಿರುವ ನೇರಳೆ ಮಾರ್ಗದ ಮೆಟ್ರೊ. ಎಲ್ಲರೂ ನಿಂತೇ ಇರುತ್ತಾರೆ, ಇಲ್ಲವೇ ಓಡುತ್ತಿರುತ್ತಾರೆ.

ಈ ಗದ್ದಲದಿಂದ ಕೂಗಳತೆ ದೂರದ ಉದಯನಗರದಲ್ಲಿ ನಮ್ಮ ದೊಡ್ಡವ್ವನ ಮನೆ. ಕಳೆದ ಶನಿವಾರ ಮತ್ತು ಭಾನುವಾರ ಅದರ ತಾರಸಿಯಲ್ಲಿ ನಾವು ಐದು ಮಂದಿ ಚಕ್ಕಳಮಕ್ಕಳ ಹಾಕಿ ಕೂತು ಒಂದು ಕೌದಿ ಹೊಲಿದೆವು. ಅಮೆರಿಕದಲ್ಲಿ ಇಂಥದ್ದಕ್ಕೆ ‘ಕ್ವಿಲ್ಟಿಂಗ್ ರಿಟ್ರೀಟ್’ ಎನ್ನುತ್ತಾರೆ. ವಾರಾಂತ್ಯಕ್ಕೆ ಹೊಲಿಗೆ ಯಂತ್ರ, ಅರ್ಧಕ್ಕೆ ನಿಂತ ಕೆಲಸ ಎಲ್ಲ ಕಟ್ಟಿಕೊಂಡು ಊರಾಚೆಯ ವಸತಿಗೆ ಹೋಗಿ, ಗೆಳತಿಯರ ಜೊತೆ ಹೊಲಿದು ಮುಗಿಸಿಕೊಂಡು ಬರುವುದು. ದೊಡ್ಡವ್ವನಿಗೆ ಇದನ್ನು ವಿವರಿಸಿದಾಗ ಆಕೆ ಕೇಳಿದ್ದು ಒಂದೇ ಮಾತು: ‘ಅದಕ್ಕ ರೊಕ್ಕ ಕೊಟ್ಟು ಹೋಗ್ತಾರೇನ?’ ಧಾರವಾಡ ಸೀಮೆಯ ಹಳ್ಳಿಯಲ್ಲಿ ಬೇಸಿಗೆಯ ಮಧ್ಯಾಹ್ನವೆಂದರೆ ಆಕೆಗೆ ಇದೇ ಆಗಿತ್ತು.

ಮೂರು ಪದರವಲ್ಲ, ಇದ್ದಷ್ಟು ಪದರ

ಕೌದಿ ಉತ್ತರ ಕರ್ನಾಟಕದ ಮನೆಮನೆಯ ಹಾಸಿಗೆ ಮತ್ತು ಹೊದಿಕೆ. ಪಾಶ್ಚಾತ್ಯರ ಕ್ವಿಲ್ಟಿನಲ್ಲಿ ಮೊದಲು ತುಂಡುಗಳನ್ನು ಜೋಡಿಸಿ ಮೇಲ್ಪದರ ಮಾಡಿ, ನಡುವೆ ಹತ್ತಿಯ ಹಾಳೆ, ಕೆಳಗೊಂದು ಬಟ್ಟೆ ಇಟ್ಟು ಮೂರನ್ನೂ ಸೇರಿಸಿ ಹೊಲಿಯುತ್ತಾರೆ. ಕೌದಿಗೆ ಹತ್ತಿ ತುಂಬುವ ರೂಢಿಯಿಲ್ಲ. ಸವೆದ ಸೀರೆ, ಧೋತರಗಳ ಪದರಗಳೇ ಅದರ ದಪ್ಪ. ತುಂಡು ಕೂರಿಸುವುದು, ಪದರ ಬಿಗಿಯುವುದು ಎರಡೂ ಒಂದೇ ಸೂಜಿಯ ಒಂದೇ ಓಟದಲ್ಲಿ ಆಗಿಹೋಗುತ್ತವೆ.

ಮೊದಲ ಕೆಲಸ ಬಟ್ಟೆ ಆರಿಸುವುದು. ನಾನು ತಂದಿದ್ದ ಗಂಟಿನಲ್ಲಿ ಅರ್ಧದಷ್ಟನ್ನು ದೊಡ್ಡವ್ವ ಪಕ್ಕಕ್ಕೆ ತಳ್ಳಿದಳು. ಪಾಲಿಸ್ಟರ್ ಬೇಡ, ಅದರಲ್ಲಿ ಸೂಜಿ ಜಾರುತ್ತದೆ, ಬೆವರು ಇಂಗುವುದಿಲ್ಲ. ಒಗೆದಾಗ ಹತ್ತಿ ಕುಗ್ಗುತ್ತದೆ, ಪಾಲಿಸ್ಟರ್ ಕುಗ್ಗದು. ಎರಡನ್ನೂ ಸೇರಿಸಿದರೆ ಕೌದಿ ಗಂಟುಗಂಟಾಗುತ್ತದೆ. ಹೊಸ ಹತ್ತಿಬಟ್ಟೆಯಾದರೆ ಮೊದಲು ನೆನೆಸಿ ಒಣಗಿಸಬೇಕು. ಎಲ್ಲಕ್ಕಿಂತ ಒಳ್ಳೆಯದು ಹತ್ತಾರು ವರ್ಷ ಉಟ್ಟು ಒಗೆದು ಮೆತ್ತಗಾದ ಸೀರೆ. ‘ಹರದದ್ದು ಒಳಗ, ಗಟ್ಟಿ ಇದ್ದದ್ದು ಮ್ಯಾಲೆ’ ಎಂಬುದು ಆಕೆಯ ಸೂತ್ರ. ಇಳಕಲ್ ಸೀರೆಯ ದಡಿಯನ್ನು ಮಾತ್ರ ಜೋಪಾನವಾಗಿ ಬಿಡಿಸಿ ಅಂಚಿಗೆಂದು ಎತ್ತಿಟ್ಟಳು.

ಆಮೇಲೆ ಗುಡಿಸಿದ ತಾರಸಿಯ ಮೇಲೆ ಸೀರೆ ಹಾಸಿ, ನಾಲ್ಕು ಮೂಲೆಗೆ ನಾಲ್ಕು ಇಟ್ಟಿಗೆ ಹೇರಿದೆವು. ಸುಕ್ಕು ಉಳಿದರೆ ಹೊಲಿಗೆಯ ಕೆಳಗೆ ಅದು ಶಾಶ್ವತ. ಮೂರು ಅಡಿ ಅಗಲ, ನಾಲ್ಕು ಅಡಿ ಉದ್ದದ ಕೂಸಿನ ಕೌದಿಗೆ ಒಂದೇ ಸೀರೆ ನಾಲ್ಕು ಪದರವಾಗುತ್ತದೆ. ಐದು ಅಡಿಗೆ ಏಳು ಅಡಿಯ ದೊಡ್ಡವರ ಕೌದಿಯಾದರೆ ಒಂದೊಂದು ಪದರಕ್ಕೂ ಒಂದೊಂದು ಸೀರೆ ಬೇಕು.

ಹೊಲಿಗೆಯಲ್ಲಿ ಗುಟ್ಟೇನೂ ಇಲ್ಲ. ಸೂಜಿ ಮೇಲೆ ಕೆಳಗೆ ಹೋಗಿಬರುವ ಸಾದಾ ಸಾಲು. ಕಷ್ಟವಿರುವುದು ಲೆಕ್ಕದಲ್ಲಿ. ಅಂಗುಲಕ್ಕೊಂದು ಸಾಲು ಎಂದರೂ ಕೂಸಿನ ಕೌದಿಗೆ 144 ಅಡಿ ಹೊಲಿಗೆ, ದೊಡ್ಡವರದಕ್ಕೆ 420 ಅಡಿ. ಸಾಲುಗಳು ಅರ್ಧ ಅಂಗುಲಕ್ಕೆ ಒತ್ತಾದರೆ ಅದೂ ಇಮ್ಮಡಿ. ಒಬ್ಬರೇ ಕೂತರೆ ತಿಂಗಳು ಹಿಡಿಯುವುದು ಇದಕ್ಕೇ. ಅಂಗುಲಕ್ಕೊಂದು ಸಾಲಿನ ಕೂಸಿನ ಕೌದಿಗೆ ಐವರು ಕೂತರೆ ಒಬ್ಬೊಬ್ಬರ ಪಾಲಿಗೆ ಇಪ್ಪತ್ತೊಂಬತ್ತು ಅಡಿ ಬರುತ್ತದೆ. ಕೌದಿ ಗುಂಪಿನ ಕೆಲಸವಾದದ್ದು ಯಾವ ಆದರ್ಶದಿಂದಲೂ ಅಲ್ಲ, ಈ ಲೆಕ್ಕದಿಂದ.

ಒಂದೇ ಬಟ್ಟೆ, ಹಲವು ಹೆಸರು

ಅಂಚಿನಿಂದ ಹೊರಟು ಸುತ್ತುಸುತ್ತಾಗಿ ಒಳಕ್ಕೆ ಬರುತ್ತಿದ್ದಂತೆ ಮಾತೂ ಶುರುವಾಯಿತು. ಕೆಳಮನೆಯ ಮುಳಬಾಗಿಲಿನ ಅಕ್ಕನ ಬಾಯಲ್ಲಿ ಇದು ತೆಲುಗಿನ ‘ಬೊಂತ’. ಎದುರು ಮನೆಯಲ್ಲಿ ಕೆಲಸ ಮಾಡುವ ಬಂಗಾಳದ ಹುಡುಗಿಗೆ ‘ಕಾಂಥಾ’. ಆಕೆಯ ಹೊಲಿಗೆ ನಮ್ಮೆಲ್ಲರದಕ್ಕಿಂತ ಸಣ್ಣದು, ನೇರ. ವಿರಕ್ತರು ಹೊದೆಯುತ್ತಿದ್ದ ತೇಪೆಯ ಬಟ್ಟೆಗೆ ಹಳೆಯ ಕನ್ನಡದಲ್ಲಿ ‘ಕಂಥೆ’ ಎಂದೇ ಹೆಸರು ಎಂದಾಗ ಆಕೆ ನಕ್ಕಳು. ಹತ್ತಿರದ ಕಟ್ಟಡವೊಂದರಲ್ಲಿ ಗಾರೆ ಕೆಲಸಕ್ಕಿರುವ ಯಾದಗಿರಿ ಕಡೆಯ ಹೆಂಗಸಿಗೆ ಯಾವ ವಿವರಣೆಯೂ ಬೇಕಾಗಲಿಲ್ಲ. ಬೆಂಗಳೂರಿಗೆ ದುಡಿಯಲು ಬಂದ ದಿನ ತಲೆಯ ಮೇಲಿದ್ದ ಗಂಟಿನ ಹೊರಬಟ್ಟೆಯೇ ಕೌದಿ, ಇವತ್ತಿಗೂ ಶೆಡ್ಡಿನ ನೆಲದ ಮೇಲಿನ ಹಾಸಿಗೆ ಅದೇ.

ಉತ್ತರ ಕರ್ನಾಟಕದಲ್ಲಿ ಊರೂರು ತಿರುಗಿ ಕೌದಿ ಹೊಲಿದುಕೊಡುವ ಹೆಣ್ಣುಮಕ್ಕಳೂ ಉಂಟು. ಗೋಂದಳಿ ಸಮುದಾಯದವರು ಅವರಲ್ಲಿ ಮುಖ್ಯರು. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳ, ಮುಂಡಗೋಡಿನ ಸಿದ್ದಿಯರು ಹೊಲಿಯುವುದು ‘ಕವಂದಿ’. ಆಫ್ರಿಕ ಮೂಲದ ಈ ಸಮುದಾಯದ ಹೆಣ್ಣುಮಕ್ಕಳೂ ಅಂಚಿನಿಂದಲೇ ಶುರುಮಾಡಿ ನಡುವಿಗೆ ಬರುತ್ತಾರೆ. ಕೊನೆಗೆ ನಾಲ್ಕು ಮೂಲೆಗೆ ಬಟ್ಟೆಯನ್ನು ಮಡಿಸಿ ಮಾಡಿದ ‘ಫೂಲ’ ಕೂರಿಸುತ್ತಾರೆ. ಅದಿಲ್ಲದಿದ್ದರೆ ಕವಂದಿ ಪೂರ್ತಿಯಾಗದು.

ಅಮೆರಿಕದ ವಿಸ್ಕಾನ್ಸಿನ್ ವಿಶ್ವವಿದ್ಯಾಲಯದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಈ ಕವಂದಿಗಳ ಅಧ್ಯಯನ ಮಾಡಿದವರು. ಸಿದ್ದಿ ಮಹಿಳೆಯರ ಕವಂದಿ ಸಹಕಾರ ಸಂಘ ರೂಪುಗೊಳ್ಳಲು ಅವರ ನೆರವಿತ್ತು. 2011ರಲ್ಲಿ ಈ ಕವಂದಿಗಳು ನ್ಯೂಯಾರ್ಕಿನ ಶಾಂಬರ್ಗ್ ಕೇಂದ್ರದಲ್ಲಿ ಪ್ರದರ್ಶನಗೊಂಡವು. ಅದಕ್ಕೂ ಮುಂಚೆ, 2002ರಲ್ಲಿ, ಅಲಬಾಮಾದ ಜೀಸ್ ಬೆಂಡ್ ಎಂಬ ಹಳ್ಳಿಯ ಕಪ್ಪು ಹೆಣ್ಣುಮಕ್ಕಳು ಸವೆದ ಕೆಲಸದ ಬಟ್ಟೆಗಳಿಂದ ಹೊಲಿದ ಕ್ವಿಲ್ಟುಗಳನ್ನು ಹ್ಯೂಸ್ಟನ್ನಿನ ಮ್ಯೂಸಿಯಂ ಗೋಡೆಗೆ ತೂಗುಹಾಕಿತ್ತು. ಇತ್ತ ನಮ್ಮ ಸಂಡೂರಿನ ಲಂಬಾಣಿ ಕಸೂತಿಗೂ ಭೌಗೋಳಿಕ ಗುರುತಿನ ಮಾನ್ಯತೆ ಇದೆ. 2023ರ ಜುಲೈನಲ್ಲಿ ಹಂಪಿಯಲ್ಲಿ ನಡೆದ ಜಿ-20 ಸಭೆಯ ವೇಳೆ 1,755 ಲಂಬಾಣಿ ವಸ್ತುಗಳ ಪ್ರದರ್ಶನ ಗಿನ್ನೆಸ್ ದಾಖಲೆ ಬರೆಯಿತು.

ಮನೆಯ ಕೌದಿಗೆ ಗೋಡೆಯೂ ಇಲ್ಲ, ದಾಖಲೆಯೂ ಇಲ್ಲ. ಬಾಣಂತಿಯ ಕೆಳಗೆ, ತೊಟ್ಟಿಲೊಳಗೆ, ಮುದುಕರ ಮಂಚದ ಮೇಲೆ ಬಿದ್ದಿರುತ್ತದೆ. ಹಬ್ಬ ಹತ್ತಿರ ಬಂದರೆ ಹಳ್ಳದ ಬಂಡೆಯ ಮೇಲೆ ಹೊಡೆಸಿಕೊಳ್ಳುತ್ತದೆ. ಹರಿದರೆ ಇನ್ನೊಂದು ಕೌದಿಯ ಒಳಪದರವಾಗುತ್ತದೆ.

ಕೌದಿಯ ಹೊಟ್ಟೆ

ಭಾನುವಾರ ಮಧ್ಯಾಹ್ನದ ಹೊತ್ತಿಗೆ ನಡುವೆ ಗೇಣಗಲ ಜಾಗ ಮಾತ್ರ ಉಳಿದಿತ್ತು. ನಾನು ಸರಸರ ಮುಗಿಸಲು ಹೋದಾಗ ದೊಡ್ಡವ್ವ ಕೈ ಹಿಡಿದಳು. ‘ತಡಿ, ಕೌದಿ ಹಸದಿರಬಾರದು. ಹೊಟ್ಟಿ ತುಂಬಿಸಿ ಮುಚ್ಚಬೇಕು.’ ಕೆಳಗಿನಿಂದ ಹೋಳಿಗೆ ತರಿಸಿ, ಚಿಟಿಕೆಯಷ್ಟನ್ನು ಪದರದ ನಡುವೆ ಇಟ್ಟು, ಮೇಲೊಂದು ಕೆಂಪು ತುಂಡು ಕೂರಿಸಿ ಹೊಲಿದಳು. ಮಹಾರಾಷ್ಟ್ರದ ಗೋಧಡಿಯಲ್ಲೂ ಚಪಾತಿಯ ತುಣುಕಿಟ್ಟು ಹೊಲಿಯುವ ಇಂಥದೇ ಪದ್ಧತಿಯಿದೆ. ಅದಕ್ಕೆ ‘ಘಾಸ್’, ಅಂದರೆ ತುತ್ತು, ಎಂದು ಹೆಸರು. ಉಳಿದ ಹೋಳಿಗೆ ನಮ್ಮ ಹೊಟ್ಟೆಗೆ ಹೋಯಿತು. ಯಾದಗಿರಿಯ ಹೆಂಗಸು ‘ನಮ್ಮೂರಾಗೂ ಹಿಂಗ’ ಎಂದಿದ್ದು ಬಿಟ್ಟರೆ ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ.

ಎರಡು ದಿನದ ಹುಟ್ಟುವಳಿ ಇಷ್ಟೇ: ಒಂದು ಚಿಕ್ಕ ಕೌದಿ, ಸೂಜಿ ಚುಚ್ಚಿದ ಹತ್ತೆಂಟು ಬೆರಳು, ಮೊಬೈಲು ಮುಟ್ಟದ ಕೆಲವು ತಾಸು. ಮೂರು ವರ್ಷದಿಂದ ಅದೇ ಬೀದಿಯಲ್ಲಿದ್ದೂ ಪರಸ್ಪರ ಊರು ಕೇಳದಿದ್ದವರು ಈಗ ಕೇಳಿಕೊಂಡಿದ್ದಾರೆ. ಕೌದಿಗೆ ಹಳ್ಳಿಯೇ ಬೇಕೆಂದು ನಾನು ತಿಳಿದಿದ್ದೆ. ಬೇಕಾದದ್ದು ಹಳೆ ಬಟ್ಟೆ, ನೆರಳು, ಕೂರಲು ಒಪ್ಪುವ ನಾಲ್ಕು ಜನ. ಹಳೆ ಬಟ್ಟೆಯಂತೂ ನಗರದಲ್ಲೇ ಹೆಚ್ಚು.

ಹೊಲಿದ ಕೌದಿ ಈಗ ಕೆಳಮನೆಯ ಎರಡು ತಿಂಗಳ ಕೂಸಿನ ಕೆಳಗಿದೆ. ಈಗಾಗಲೇ ಮೂರು ಸಲ ಒಗೆದಾಗಿದೆ, ಹೊಲಿಗೆ ಬಿಟ್ಟಿಲ್ಲ. ಮುಂದಿನ ಸಲ ಹಳೆ ಬಟ್ಟೆಗೆ ಸ್ಟೀಲ್ ಪಾತ್ರೆ ಕೊಡುವವರು ನಿಮ್ಮ ಬೀದಿಗೆ ಬಂದಾಗ, ಗಂಟು ಕೊಡುವ ಮುಂಚೆ ಮೆತ್ತಗಾದ ಎರಡು ಹತ್ತಿ ಸೀರೆ ತೆಗೆದಿಟ್ಟುಕೊಳ್ಳಿ. ಒಂದು ಒಳಪದರಕ್ಕೆ, ಒಂದು ಮೇಲಿನ ತುಂಡುಗಳಿಗೆ. ಕೂಸಿನ ಕೌದಿಗೆ ಅಷ್ಟು ಸಾಕು.