ಕೂಸನ್ನು ಯಾರ ಕೈಗೆ ಕೊಡುವುದು?

ಹೆರಿಗೆ ಸೌಲಭ್ಯ ಕಾಯ್ದೆಯ 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗಳಿಗೆ 26 ವಾರಗಳ ಸಂಬಳದ ರಜೆ ಇದೆ. ರಜೆ ಮುಗಿಯುವಾಗ ಕೂಸಿಗೆ ಆರು ತಿಂಗಳೂ ದಾಟಿರುವುದಿಲ್ಲ. ಆಸ್ಪತ್ರೆ, ಬ್ಯಾಂಕು, ಕಾಲೇಜುಗಳಲ್ಲಿ ದುಡಿಯುವ ತಾಯಂದಿರಿರುವ ಬೆಳಗಾವಿಯ ಟಿಳಕವಾಡಿ, ಸದಾಶಿವನಗರದ ಮನೆಗಳಲ್ಲಿ ಆಗ ಕೂಸನ್ನು ನೋಡಿಕೊಳ್ಳಲು 'ಒಬ್ಬ ಮಾವಶಿ ಬೇಕಾಗಿತ್ತು' ಎಂಬ ಹುಡುಕಾಟ ಶುರು. ಪರಿಚಯದವರು ಕಳಿಸಿದರೆಂದು ಒಂದು ಕಪ್ ಚಹಾ ಮುಗಿಯುವುದರೊಳಗೆ ಪಗಾರ ಗೊತ್ತುಮಾಡಿ, ಮರುದಿನವೇ ಕೂಸನ್ನು ಒಪ್ಪಿಸಿಬಿಡುತ್ತಾರೆ. ಇಷ್ಟು ಅವಸರ ಸಲ್ಲದು.

ಎಷ್ಟು ವರ್ಷದ ಅನುಭವ ಎಂದು ಕೇಳಿದರೆ ತಿಳಿಯುವುದು ಕಡಿಮೆ. ಸಂದರ್ಭ ಹೇಳಿ ಕೇಳಿ: ಕೂಸು ಒಂದು ತಾಸಿನಿಂದ ಅಳುತ್ತಿದೆ, ಏನು ಮಾಡುತ್ತೀರಿ? ಬಟ್ಟೆ ಒದ್ದೆಯಾಗಿದೆಯೇ, ಮೈ ಬಿಸಿಯಿದೆಯೇ ನೋಡುತ್ತೇನೆ, ಎತ್ತಿಕೊಂಡು ಅಡ್ಡಾಡುತ್ತೇನೆ, ನಿಮಗೆ ಫೋನ್ ಹಚ್ಚುತ್ತೇನೆ ಎಂದರೆ ಭರವಸೆ ಇಡಬಹುದು. ನಿದ್ದೆ ಬರಲೆಂದು ನೆಗಡಿ ಸಿರಪ್ ಕುಡಿಸುತ್ತೇನೆ ಎಂದರೆ ಬೇರೆಯವರನ್ನು ಹುಡುಕಿ. ಒಂದು ಕಾಲಕ್ಕೆ ಮುಂಬೈಯ ಗಿರಣಿಗಳಿಗೆ ಹೋಗುವ ತಾಯಂದಿರು, ನೋಡಿಕೊಳ್ಳುವವರಿಲ್ಲದೆ, ಕೂಸಿಗೆ ಅಫೀಮಿನ ಗುಳಿಗೆ ಕೊಟ್ಟು ಮಲಗಿಸಿ ಹೋಗುತ್ತಿದ್ದರು. ಆ ಅಪಾಯ ಈಗ ಸಿರಪ್ಪಿನ ರೂಪದಲ್ಲಿದೆ.

ಕೆಲವನ್ನು ನೀವೇ ಹೇಳಿಕೊಡಬೇಕು. ಬೇಸತ್ತು ಕೂಸನ್ನು ಜೋರಾಗಿ ಅಲುಗಾಡಿಸಿದರೆ ಮಿದುಳಿನಲ್ಲಿ ರಕ್ತಸ್ರಾವವಾಗಬಹುದು. ವರ್ಷ ತುಂಬುವ ಮೊದಲು ಜೇನು ನೆಕ್ಕಿಸಬಾರದು. ನಮ್ಮ ಭಾಗದಲ್ಲಿ ಶೇಂಗಾ ಇಲ್ಲದ ಮನೆಯಿಲ್ಲ. ಇಡೀ ಕಾಳು ಚಿಕ್ಕ ಮಕ್ಕಳ ಉಸಿರ್ನಾಳದಲ್ಲಿ ಸಿಕ್ಕಿಕೊಳ್ಳಬಹುದು. ಹಿಂಡಿಟ್ಟ ಎದೆಹಾಲನ್ನು ಫ್ರಿಜ್ಜಿನ ಹೊರಗೆ ನಾಲ್ಕು ತಾಸಿಗಿಂತ ಹೆಚ್ಚು ಇಡಬಾರದು, ಒಲೆಯ ಮೇಲೆ ಕಾಯಿಸಲೂಬಾರದು.

ಮೊದಲ ಕೆಲವು ದಿನ ನೀವೂ ಮನೆಯಲ್ಲಿರಿ, ಆ ದಿನಗಳ ಪಗಾರವನ್ನೂ ಕೊಡಿ. ಎತ್ತುವ ಮೊದಲು ಕೈ ತೊಳೆಯುತ್ತಾರೆಯೇ, ಉಣಿಸುವಾಗ ಕೂಸಿನ ಮುಖ ನೋಡಿ ಮಾತಾಡುತ್ತಾರೆಯೇ ಎಂಬುದು ಆಗ ಕಾಣುತ್ತದೆ. ಅವರ ಮಾತು ಮರಾಠಿಯೋ ಕೊಂಕಣಿಯೋ ಆಗಿದ್ದರೆ ತಡೆಯಬೇಡಿ. ಮನೆಯಲ್ಲಿ ಕನ್ನಡ, ಮಾವಶಿಯ ಬಾಯಲ್ಲಿ ಮರಾಠಿ ಕೇಳುತ್ತ ಬೆಳೆದ ಮಗು ಎರಡನ್ನೂ ಕಲಿಯುತ್ತದೆ. ಬೆಳಗಾವಿಯಲ್ಲಿ ಅದೊಂದು ಆಸ್ತಿ.

ನಾವು ಕೇಳದೇ ಬಿಡುವ ಪ್ರಶ್ನೆ ಇನ್ನೊಂದಿದೆ: ನಿಮ್ಮ ಮಕ್ಕಳನ್ನು ಯಾರು ನೋಡಿಕೊಳ್ಳುತ್ತಾರೆ? ಖಾನಾಪುರದ ಕಡೆಯಿಂದ ಬರುವವರಿಗೆ ದಾರಿಯೇ ಒಂದು ತಾಸು ತಿನ್ನುತ್ತದೆ. ಜಾಂಬೋಟಿ, ಕಣಕುಂಬಿಯ ಮಳೆಯಲ್ಲಿ ಬಸ್ಸು ತಪ್ಪಿದರೆ ಕತ್ತಲೆಯಲ್ಲಿ ಮನೆ ಸೇರಬೇಕು. ಅಂಗನವಾಡಿ ಸಂಜೆಯವರೆಗೆ ನಡೆಯುವುದಿಲ್ಲ. ಸರಕಾರ 2023ರಲ್ಲಿ ಗ್ರಾಮ ಪಂಚಾಯಿತಿಗಳಿಗೆಂದು ಘೋಷಿಸಿದ 'ಕೂಸಿನ ಮನೆ' ಎಂಬ ಶಿಶುಪಾಲನಾ ಕೇಂದ್ರ ಅವರ ಊರಲ್ಲಿದೆಯೇ ವಿಚಾರಿಸಿ. ತನ್ನ ಕೂಸಿನ ಚಿಂತೆಯಲ್ಲಿರುವವಳ ಗಮನ ನಿಮ್ಮ ಕೂಸಿನ ಮೇಲೆ ಪೂರ್ತಿ ಇರಬೇಕೆಂದು ಬಯಸುವುದು ಅನ್ಯಾಯ. ಹೊತ್ತು, ವಾರದ ರಜೆ, ಮಳೆಗಾಲದಲ್ಲಿ ಬೇಗ ಬಿಡುವುದು, ಎಲ್ಲವನ್ನೂ ಅವರಿಗೆ ಓದಲು ಬರುವ ಭಾಷೆಯಲ್ಲಿ ಬರೆದುಕೊಡಿ. ಮನೆಗೆಲಸದವರಿಗೆ ಕರ್ನಾಟಕ 2004ರಲ್ಲೇ ಕನಿಷ್ಠ ವೇತನ ಗೊತ್ತುಪಡಿಸಿದೆ. ಈಗಿನ ದರ ಕಾರ್ಮಿಕ ಇಲಾಖೆಯಲ್ಲಿ ಸಿಗುತ್ತದೆ. ಹಿನ್ನೆಲೆ ಪರಿಶೀಲನೆಗೆ ಪೊಲೀಸರನ್ನು ಕೇಳಬಹುದು, ಆದರೆ ಮಾವಶಿಗೆ ತಿಳಿಸಿಯೇ ಮಾಡಿಸಿ.

'ಕೂಸು ಆಡಿಸಲು' ಹಳ್ಳಿಯಿಂದ ಹುಡುಗಿಯನ್ನು ಕರೆತರುವ ಹಳೆಯ ರೂಢಿ ಮಾತ್ರ ಬೇಡವೇ ಬೇಡ. 14 ತುಂಬದವರನ್ನು ಮನೆಗೆಲಸಕ್ಕೆ ಇಟ್ಟುಕೊಳ್ಳುವುದು 2006ರ ಅಕ್ಟೋಬರ್ 10ರಿಂದ ಅಪರಾಧ. ಅಂಥ ಮಗು ಎಲ್ಲಿ ಕಂಡರೂ 1098ಕ್ಕೆ ಫೋನ್ ಮಾಡಿ.