ಒಂದು ತಂತಿ, ನಾಲ್ಕು ಯಂತ್ರ

ನಮ್ಮ ಮನೆಗೆ ಇಂಟರ್ನೆಟ್ಟನ್ನು ತರುವ ತಂತಿ ಒಂದೇ. ಅದರ ಮೇಲೆ ಹಕ್ಕು ಸಾಧಿಸುವ ಯಂತ್ರಗಳು ನಾಲ್ಕು. ಹಜಾರದ ಮೂಲೆಯಲ್ಲಿ ನಮ್ಮ ಹಳೆಯ ಕಂಪ್ಯೂಟರು. ಒಳಕೋಣೆಯಲ್ಲಿ ತಮ್ಮನಿಗೆ ಅವನ ಕಚೇರಿಯವರು ಕೊಟ್ಟ ಲ್ಯಾಪ್‌ಟಾಪು. ಮಗಳ ಓದಿಗೆಂದು ಕೊಂಡ ಮತ್ತೊಂದು. ತಂದೆಯವರು ಬೆಳಗಿನ ಚಹದೊಡನೆ ಊರಿನ ಪತ್ರಿಕೆ ಓದುವ ಟ್ಯಾಬ್ಲೆಟ್ಟು. ಮೊಬೈಲುಗಳನ್ನು ಲೆಕ್ಕಕ್ಕೆ ಹಿಡಿದಿಲ್ಲ. ಮುಂಬಯಿಯ ಎರಡು ಕೋಣೆಯ ಸರಕಾರಿ ವಸತಿಯಲ್ಲಿ ಆರು ಜನರ ಸಂಸಾರವೆಂದರೆ ವಾಚಕರಿಗೆ ಹೆಚ್ಚು ವಿವರಿಸಬೇಕಾದದ್ದಿಲ್ಲ. ನೀರು, ಗಾಳಿ, ಬೆಳಕು ಎಲ್ಲವನ್ನೂ ಹಂಚಿಕೊಂಡು ಬಾಳುವವರೇ ನಾವೆಲ್ಲ.

ಕಳೆದ ಮಳೆಗಾಲದಲ್ಲಿ ಒಂದು ರಾತ್ರಿ ಊಟಕ್ಕೆ ಕುಳಿತಾಗ ತಮ್ಮನು ತಲೆಯೆತ್ತದೆಯೇ, “ಅಣ್ಣಾ, ನಾ ಹೊರಗ ಒಂದು ಖೋಲಿ ನೋಡಬೇಕಂತ ಮಾಡೀನಿ” ಎಂದ. ಅವನದು ಮನೆಯಲ್ಲೇ ಕುಳಿತು ಮಾಡುವ ಕೆಲಸ. ಪರದೇಶದ ಗಿರಾಕಿಗಳೊಡನೆ ರಾತ್ರಿ ಹತ್ತರವರೆಗೂ ಮುಖ ನೋಡಿ ಮಾತನಾಡಬೇಕು. ಆ ವಾರ ಮೂರು ಸಲ ಮಾತು ನಡುವೆಯೇ ತುಂಡಾಗಿ, ಮೇಲಧಿಕಾರಿಯಿಂದ ಬರವಣಿಗೆಯಲ್ಲಿಯೇ ಎಚ್ಚರಿಕೆ ಬಂದಿತ್ತು. ಕೆಲಸಕ್ಕೆ ಸೇರಿ ಇನ್ನೂ ಆರು ತಿಂಗಳು ತುಂಬಿರಲಿಲ್ಲ. ಅವ್ವ ಬಡಿಸುತ್ತಿದ್ದ ಸೌಟನ್ನು ಹಾಗೆಯೇ ಹಿಡಿದು ನಿಂತಳು. ಈ ಊರಿನ ಬಾಡಿಗೆಯ ಮಾತು ಒತ್ತಟ್ಟಿಗಿರಲಿ, ಮದುವೆಯಾಗದ ಮಗ ಬೇರೆ ಕೋಣೆ ಹಿಡಿದರೆ ಊರಿನ ನೆಂಟರಿಗೆ ಏನೆಂದು ಹೇಳುವುದು? ಇಂಟರ್ನೆಟ್ಟಿನ ಕಾರಣದಿಂದ ಮನೆ ಒಡೆಯಿತೆಂದರೆ ಯಾರು ನಂಬಿಯಾರು?

ನಾವು ಸಿಟ್ಟನ್ನೆಲ್ಲ ತಂತಿ ಕೊಟ್ಟ ಕಂಪನಿಯವರ ಮೇಲೆ ತಿರುಗಿಸಿದೆವು. ಎರಡನೆಯ ತಂತಿಯನ್ನೇ ಹಾಕಿಸಿಬಿಡುವ ಮಾತೂ ಆಯಿತು. ಆಗ ಮನೆಯವರು ಹೇಳಿದ ಒಂದು ಮಾತು ನಮ್ಮ ಬಿ.ಎ. ಪದವಿಗೂ ಹೊಳೆದಿರಲಿಲ್ಲ: “ಅಲ್ರೀ, ನಳದಾಗ ನೀರು ಬರತದೋ ಇಲ್ಲೋ ಮೊದಲ ನೋಡ್ರಿ. ಒಳಗಿನ ಖೋಲಿಗೆ ಮುಟ್ಟವಲ್ದು ಅಂದ್ರ ತಪ್ಪು ನಳದ್ದೋ, ಪೈಪಿಂದೋ?”

ನೋಡಿದೆವು. ಹಜಾರದ ಕಂಪ್ಯೂಟರನ್ನು ತಂತಿಯಿಂದ ನೇರವಾಗಿ ರೂಟರಿಗೆ ಸಿಕ್ಕಿಸಿ ವೇಗವನ್ನು ಅಳೆದರೆ ಸೆಕೆಂಡಿಗೆ 90 ಮೆಗಾಬಿಟ್‌ಗಿಂತ ಮೇಲೆಯೇ ಬಂತು. ನಾವು ಹಣ ಕೊಡುತ್ತಿದ್ದದ್ದು 100ಕ್ಕೆ. ಒಳಕೋಣೆಯಲ್ಲಿ ವೈಫೈ ಮೂಲಕ ಅಳೆದರೆ ಒಮ್ಮೆ 6, ಒಮ್ಮೆ 4, ಸಂಜೆಯ ಹೊತ್ತು ಇನ್ನೂ ಕಡಿಮೆ. ನಳದಲ್ಲಿ ನೀರಿತ್ತು, ಕೊಡ ಮಾತ್ರ ತುಂಬುತ್ತಿರಲಿಲ್ಲ. (ಮೆಗಾಬಿಟ್ ಬೇರೆ, ಮೆಗಾಬೈಟ್ ಬೇರೆ ಎಂಬುದನ್ನು ಇಲ್ಲಿಯೇ ಹೇಳಿಬಿಡುವುದು ಒಳಿತು. ಎಂಟು ಬಿಟ್ ಸೇರಿ ಒಂದು ಬೈಟ್. ಆದಕಾರಣ 100 ಮೆಗಾಬಿಟ್‌ನ ತಂತಿಯಲ್ಲಿ ಸೆಕೆಂಡಿಗೆ ಹನ್ನೆರಡೂವರೆ ಮೆಗಾಬೈಟ್ ಬಂದರೆ ಅದು ಮೋಸವಲ್ಲ, ಲೆಕ್ಕ.)

ಆ ಭಾನುವಾರ ನಾವು ಮೊದಲ ಸಲ ಆ ಪೆಟ್ಟಿಗೆಯನ್ನು ಕುತೂಹಲದಿಂದ ನೋಡಿದೆವು. ಅದು ಮಾಡುವ ಕೆಲಸವನ್ನು ತಿಳಿದುಕೊಂಡಾಗ ನಮಗಾದ ಸಂತೋಷ ಅಷ್ಟಿಷ್ಟಲ್ಲ. ಏಕೆಂದರೆ ಅದು ನಮ್ಮ ಜಾತಿಯದೇ. ರೂಟರೆಂದರೆ ಆವಕ-ಜಾವಕ ಗುಮಾಸ್ತ.

ಕಚೇರಿಯಲ್ಲಿ ಹತ್ತು ಮೇಜುಗಳಿಂದ ಹತ್ತು ಪತ್ರಗಳು ಹೊರಡುತ್ತವೆ. ಹೊರಗಿನವರಿಗೆ ಕಾಣುವುದು ಕಚೇರಿಯ ವಿಳಾಸವೊಂದೇ. ಜಾವಕ ಗುಮಾಸ್ತನು ಪ್ರತಿ ಪತ್ರಕ್ಕೂ ಒಂದು ಸಂಖ್ಯೆ ಹಾಕಿ, ಯಾವ ಮೇಜಿನದೆಂದು ರಿಜಿಸ್ಟರಿನಲ್ಲಿ ಬರೆದುಕೊಂಡು ಕಳಿಸುತ್ತಾನೆ. ಉತ್ತರ ಬಂದಾಗ ಸಂಖ್ಯೆ ನೋಡಿ ಆಯಾ ಮೇಜಿಗೆ ಮುಟ್ಟಿಸುತ್ತಾನೆ. ರೂಟರು ಮಾಡುವುದೂ ಇಷ್ಟೇ, ಸೆಕೆಂಡಿಗೆ ಸಾವಿರಾರು ಸಲ. ಕಂಪನಿಯವರು ಕೊಡುವ ವಿಳಾಸ ರೂಟರಿಗೆ ಮಾತ್ರ. ಒಳಗಿನ ಯಂತ್ರಗಳಿಗೆ 192.168 ಎಂದು ಆರಂಭವಾಗುವ ಮನೆಯೊಳಗಿನ ಅಂಕಿಗಳನ್ನು ಅದೇ ಹಂಚುತ್ತದೆ. ರಿಜಿಸ್ಟರಿನಲ್ಲಿ ದಾಖಲೆಯಿಲ್ಲದೆ ಹೊರಗಿನಿಂದ ತಾನಾಗಿ ಬಂದ ಪತ್ರವನ್ನು ಅದು ಒಳಗೆ ಬಿಡುವುದಿಲ್ಲ.

ಈ ಏರ್ಪಾಡಿಗೆ ಕಾರಣ ಅಂಕಿಗಳ ಅಭಾವ. ಹಳೆಯ ಪದ್ಧತಿಯ ಇಂಟರ್ನೆಟ್ ವಿಳಾಸವು 32 ಬಿಟ್‌ನದು. ಎಲ್ಲ ಸೇರಿ ಸುಮಾರು 429 ಕೋಟಿ ವಿಳಾಸಗಳು. ಭೂಮಿಯ ಜನಸಂಖ್ಯೆಗೇ ಸಾಲದು, ಯಂತ್ರಗಳ ಮಾತು ದೂರ. ಇದನ್ನು ಮುಂಗಂಡವರು 1994ರಲ್ಲಿಯೇ ವಿಳಾಸ ಬದಲಾಯಿಸಿ ಕಳಿಸುವ ಈ ಯುಕ್ತಿಯನ್ನು ಬರೆದಿಟ್ಟರು. ಯಾವ ಮನೆಯಾದರೂ ಒಳಗೊಳಗೇ ಬಳಸಬಹುದಾದ 192.168ರಂಥ ಅಂಕಿಗಳನ್ನು 1996ರ ದಸ್ತೈವಜು ಗೊತ್ತುಪಡಿಸಿತು. ಜಾಗತಿಕ ದಾಸ್ತಾನು 2011ರ ಫೆಬ್ರವರಿಯಲ್ಲಿ ಮುಗಿದೇ ಹೋಯಿತು. 128 ಬಿಟ್‌ನ ಹೊಸ ಪದ್ಧತಿಯೂ ಜೊತೆಜೊತೆಗೆ ನಡೆದಿದೆ. ಆದರೆ ಹಳೆಯ ಗುಮಾಸ್ತನಿಗೆ ಇನ್ನೂ ನಿವೃತ್ತಿಯಿಲ್ಲ. ನಮ್ಮ ದೇಶದ ಸಾರ್ವಜನಿಕರಿಗೆ ವಿದೇಶ ಸಂಚಾರ ನಿಗಮದವರು ಇಂಟರ್ನೆಟ್ ತೆರೆದದ್ದು 1995ರ ಆಗಸ್ಟ್ 15ರಂದು. ಟೆಲಿಫೋನ್ ತಂತಿಯ ಮೇಲೆಯೇ ಅದು ಬರುತ್ತಿದ್ದ ದಿನಗಳಲ್ಲಿ ಯಾರಾದರೂ ಫೋನೆತ್ತಿದರೆ ಸಂಪರ್ಕ ಕಡಿದು ಬೀಳುತ್ತಿತ್ತು. ಒಂದು ಮನೆಗೆ ಒಂದು ಯಂತ್ರ, ಅದೂ ಸರತಿಯಲ್ಲಿ. ಅದನ್ನು ನೆನೆದರೆ ಇಂದಿನ ನಮ್ಮ ಜಗಳ ಶ್ರೀಮಂತರ ಜಗಳವೇ ಸರಿ.

ಗುಮಾಸ್ತನು ನಿರ್ದೋಷಿಯೆಂದಾದ ಮೇಲೆ ಪೈಪನ್ನು ಹುಡುಕಿದೆವು. ಕಂಪನಿಯ ಹುಡುಗನು ತಂತಿ ಎಲ್ಲಿ ಒಳಬಂತೋ ಅಲ್ಲಿಯೇ, ನೆಲಕ್ಕೆ ಒಂದಡಿ ಎತ್ತರದಲ್ಲಿ, ಟಿ.ವಿ.ಯ ಹಿಂದೆ ಪೆಟ್ಟಿಗೆಯನ್ನು ಕೂಡಿಸಿ ಹೋಗಿದ್ದ. ಅದಕ್ಕೂ ಒಳಕೋಣೆಗೂ ನಡುವೆ ಅವ್ವನ ಉಕ್ಕಿನ ಕಪಾಟು, ಅದರಾಚೆ ಕಾಂಕ್ರೀಟಿನ ಕಂಬ. ವೈಫೈ ಎಂಬುದು ರೇಡಿಯೋ ಅಲೆಯಲ್ಲದೆ ಬೇರೇನೂ ಅಲ್ಲ. ಲೋಹದ ಮುಂದೆ ಅದರ ಆಟ ನಡೆಯದು. 2.4 ಗಿಗಾಹರ್ಟ್ಸಿನ ಅಲೆ ಗೋಡೆಯನ್ನು ತಕ್ಕಮಟ್ಟಿಗೆ ದಾಟುತ್ತದೆ, ಆದರೆ ಅಲ್ಲಿ ಒಂದರ ಮೇಲೊಂದು ಬೀಳದ ದಾರಿಗಳು 1, 6, 11 ಎಂಬ ಮೂರೇ. ನಮ್ಮ ಇಮಾರತಿನಲ್ಲಿ ಅಕ್ಕಪಕ್ಕದವರ ಜಾಲಗಳ ಹೆಸರುಗಳನ್ನು ಎಣಿಸಿದರೆ ಇಪ್ಪತ್ತಮೂರು! ಸಂಜೆ ಎಲ್ಲರೂ ಮನೆಗೆ ಬಂದ ಮೇಲೆ ಆ ಮೂರು ದಾರಿಗಳು ದಾದರ್ ಸ್ಟೇಷನ್ನಿನ ಪೂಲಿನಂತಾಗುವುದರಲ್ಲಿ ಆಶ್ಚರ್ಯವೇನು? 5 ಗಿಗಾಹರ್ಟ್ಸಿನ ಅಲೆಗೆ ದಾರಿಗಳು ಹೆಚ್ಚು, ವೇಗವೂ ಹೆಚ್ಚು. ಆದರೆ ಗೋಡೆ ಕಂಡರೆ ಬಹಳ ಬೇಗ ದಣಿಯುತ್ತದೆ.

ಇಲ್ಲಿ ನಮ್ಮ ಜಾಣತನದ ಪ್ರಸಂಗವೊಂದನ್ನು ಮುಚ್ಚಿಡದೆ ಹೇಳಬೇಕು. ಒಳಕೋಣೆಗೆ ಇನ್ನೊಂದು ರೂಟರನ್ನೇ ಇಟ್ಟರಾಯಿತೆಂದು ಲ್ಯಾಮಿಂಗ್ಟನ್ ರಸ್ತೆಗೆ ಹೋಗಿ ಒಂದನ್ನೂ, ಹದಿನೈದು ಮೀಟರ್ ತಂತಿಯನ್ನೂ ಕೊಂಡು ತಂದೆವು. (ಇಂಥ ತಂತಿ ನೂರು ಮೀಟರುಗಳವರೆಗೆ ಸೋಲುವುದಿಲ್ಲ, ನಮ್ಮ ಮನೆಗೆ ಹದಿನೈದೇ ಧಾರಾಳ.) ಒಂದು ತುದಿಯನ್ನು ಹಳೆಯದಕ್ಕೂ ಇನ್ನೊಂದನ್ನು ಹೊಸದಕ್ಕೂ ಸಿಕ್ಕಿಸಿ ಗೆದ್ದೆವೆಂದುಕೊಂಡೆವು. ಅರ್ಧ ಗಂಟೆಯಲ್ಲಿ ತಂದೆಯವರ ಪತ್ರಿಕೆ ನಿಂತಿತು. ಅದು ಬಂದಾಗ ಮಗಳ ಪಾಠ ನಿಂತಿತು. ತಮ್ಮನು ಏನೂ ಅನ್ನದೆ ಮೊಬೈಲಿನಲ್ಲಿ ಖೋಲಿಗಳ ಜಾಹೀರಾತು ನೋಡತೊಡಗಿದ. ಅದೇ ನಮಗೆ ಹೆಚ್ಚು ಚುಚ್ಚಿತು.

ರಾತ್ರಿ ಎರಡೂ ಪೆಟ್ಟಿಗೆಗಳನ್ನು ಮಗುಚಿ ಅಡಿಯ ಚೀಟಿಗಳನ್ನು ಓದಿದಾಗ ಗುಟ್ಟು ಬಯಲಾಯಿತು. ಎರಡರ ಅಂಕಿಯೂ 192.168.1.1! ಒಂದೇ ಓಣಿಯಲ್ಲಿ ಒಂದೇ ಮನೆ ಸಂಖ್ಯೆಯವರು ಇಬ್ಬರು. ಅಷ್ಟೇ ಅಲ್ಲ, ಇಬ್ಬರೂ ಮನೆಯ ಯಂತ್ರಗಳಿಗೆ ಅಂಕಿ ಹಂಚಲು ನಿಂತಿದ್ದರು. ಒಂದು ಕಚೇರಿಗೆ ಇಬ್ಬರು ಜಾವಕ ಗುಮಾಸ್ತರು, ಎರಡು ರಿಜಿಸ್ಟರು, ಒಬ್ಬನಿಗೆ ಇನ್ನೊಬ್ಬನ ಸುದ್ದಿಯಿಲ್ಲ. ಇದರ ಫಲ ಏನಾಗುವುದೆಂದು ಯಾವ ಸರಕಾರಿ ನೌಕರನಿಗಾದರೂ ಹೇಳಬೇಕೆ?

ಪರಿಹಾರ ಬಹಳ ಸಣ್ಣದು. ಹೊಸ ಪೆಟ್ಟಿಗೆಯೊಂದನ್ನೇ ಕಂಪ್ಯೂಟರಿಗೆ ಸಿಕ್ಕಿಸಿಕೊಂಡು, ಅದರ ವ್ಯವಸ್ಥೆಯ ಪುಟ ತೆರೆದು, ಅಂಕಿಯನ್ನು 192.168.1.2 ಎಂದು ಬದಲಿಸಿದೆವು. ಡಿ.ಎಚ್.ಸಿ.ಪಿ. ಎಂಬ ಹೆಸರಿನ, ಅಂಕಿ ಹಂಚುವ ಕೆಲಸವನ್ನು ಅದರಿಂದ ಕಿತ್ತುಕೊಂಡೆವು. ಬಳಿಕ ನಡುವಿನ ತಂತಿಯ ಎರಡೂ ತುದಿಗಳನ್ನು, ಬೇರೆ ಬಣ್ಣದಲ್ಲಿರುವ ಹೊರಗಿನ ತೂತಿಗಲ್ಲ, ಸಾಲಾಗಿರುವ ಒಳಗಿನ ತೂತುಗಳಿಗೇ ಹಾಕಿದೆವು. ಈಗ ಹೊಸದು ಗುಮಾಸ್ತನಲ್ಲ, ಜವಾನ. ಪತ್ರಗಳನ್ನು ಹೊತ್ತು ತರುವುದಷ್ಟೇ ಅದರ ಕೆಲಸ. ಹಳೆಯದನ್ನು ಟಿ.ವಿ.ಯ ಹಿಂದಿನಿಂದ ಬಿಡಿಸಿ ಆರಡಿ ಎತ್ತರದ ಗೂಡಿಗೆ ಏರಿಸಿದೆವು.

ತಮ್ಮನ ಲ್ಯಾಪ್‌ಟಾಪಿಗೆ ವೈಫೈಯನ್ನು ನೆಚ್ಚದೆ ತಂತಿಯನ್ನೇ ಕೊಟ್ಟೆವು. ಕುಳಿತಲ್ಲೇ ಕೂರುವ ಯಂತ್ರಕ್ಕೆ ತಂತಿ, ಓಡಾಡುವ ಯಂತ್ರಕ್ಕೆ ಗಾಳಿ ಎಂಬುದು ನಮ್ಮ ಅನುಭವ. ಒಳಕೋಣೆಯಲ್ಲಿಯೂ ಈಗ 90ರ ಮೇಲಿದೆ. ಇನ್ನೊಂದು ಲಾಭವನ್ನು ನಾವು ಎಣಿಸಿಯೇ ಇರಲಿಲ್ಲ. ಹೊರಗಿನ ತಂತಿ ಕೆಟ್ಟ ದಿನವೂ ಮಗಳು ತನ್ನ ಯಂತ್ರದಿಂದ ಹಜಾರದ ಮುದ್ರಣ ಯಂತ್ರಕ್ಕೆ ಹಾಳೆ ಕಳಿಸುತ್ತಾಳೆ. ಮನೆಯೊಳಗಿನ ಪತ್ರಕ್ಕೆ ಹೊರಗಿನ ಅಂಚೆ ಬೇಕಿಲ್ಲವಷ್ಟೆ.

ಕೀಲಿಯ ಮಾತೊಂದು ಉಳಿದಿದೆ. ರೂಟರಿಗೆ ಗುಪ್ತಪದಗಳು ಎರಡು: ವೈಫೈಗೆ ಒಂದು, ಪೆಟ್ಟಿಗೆಯ ವ್ಯವಸ್ಥೆಗೆ ಇನ್ನೊಂದು. ಮೊದಲನೆಯದನ್ನು ಎಲ್ಲರೂ ಬದಲಿಸುತ್ತಾರೆ. ಎರಡನೆಯದು ಎಷ್ಟೋ ಮನೆಗಳಲ್ಲಿ ಕಾರ್ಖಾನೆಯಿಂದ ಬಂದಂತೆಯೇ ಇರುತ್ತದೆ; ನಮ್ಮಲ್ಲಿಯೂ ಹಾಗೆಯೇ ಇತ್ತು. ನಮ್ಮ ಜಾಲದೊಳಗೆ ಬಂದ ಯಾರೇ ಆಗಲಿ ಇಡೀ ರಿಜಿಸ್ಟರನ್ನು ತಿದ್ದಬಹುದಾಗಿತ್ತು. ಎರಡನ್ನೂ ಬದಲಿಸಿ, ರಕ್ಷಣೆಯನ್ನು ಡಬ್ಲ್ಯು.ಪಿ.ಎ.2ಕ್ಕೆ ಇಟ್ಟೆವು. 2018ರಲ್ಲಿ ಬಂದ ಮೂರನೆಯದು ಹಳೆಯ ಕಂಪ್ಯೂಟರಿಗೆ ಒಗ್ಗಲಿಲ್ಲ. ಬಂದುಹೋಗುವ ಅತಿಥಿಗಳಿಗೆ ಬೇರೆ ಹೆಸರಿನ ಜಾಲವೊಂದನ್ನು ತೆರೆದೆವು.

ತಮ್ಮನು ಖೋಲಿಯ ಮಾತನ್ನು ಮತ್ತೆ ಎತ್ತಿಲ್ಲ; ನಾವೂ ಕೇಳಿಲ್ಲ. ಹದಿನೈದು ಮೀಟರಿನ ಆ ನೀಲಿ ತಂತಿ ಹಜಾರದಿಂದ ಬಾಗಿಲ ಚೌಕಟ್ಟಿನ ಮೇಲೆ ಹಾದು ಒಳಕೋಣೆಗೆ ಹೋಗುತ್ತದೆ. ಅಲ್ಲಿ ಅವ್ವ ತೋರಣ ಕಟ್ಟುವ ಮೊಳೆಗಳಿವೆ. ಮೊದಲ ದಿನ ಆಕೆ ಅದನ್ನು ನೋಡಿ ಮೋರೆ ಸಿಂಡರಿಸಿದಳು. ಗಣೇಶ ಚೌತಿಗೆ ತಾನೇ ಮಣೆ ಹತ್ತಿ, ತಂತಿ ಕಾಣದ ಹಾಗೆ ಮಾವಿನೆಲೆಗಳನ್ನು ಒತ್ತೊತ್ತಾಗಿ ಕಟ್ಟಿದಳು. ಎಲೆಗಳು ಒಣಗಿ ಎಷ್ಟೋ ದಿನವಾದರೂ ಯಾರಿಗೂ ಬಿಚ್ಚಲು ಬಿಟ್ಟಿಲ್ಲ.