ಒಂದೇ ಕೇಂದ್ರ, ಮೂರು ಸಾಲಿ

"ತಮ್ಮಾ, ಕೂಸಿಗಿ ಆರು ತುಂಬ್ಯಾವ. ಯಾವ ಸಾಲಿಗಿ ಹಾಕ್ಲಿ? ನೀ ಕಲ್ತಾಂವ, ಹೇಳು" ಎಂದು ಅಣ್ಣ ಫೋನ್ ಮಾಡಿದ್ದ. ನಮ್ಮೂರು ಸಾಂಗ್ಲಿ ಜಿಲ್ಲೆ ಜತ್ತ ತಾಲೂಕಿನ ಪೂರ್ವ ಭಾಗದಲ್ಲಿದೆ. ಮನೆಮಾತು ಕನ್ನಡ, ಸರ್ಕಾರಿ ಕಾಗದವೆಲ್ಲ ಮರಾಠಿ. ಅಣ್ಣನ ಮನೆಯಿಂದ ಹೋಗಿಬರುವಷ್ಟು ದೂರದಲ್ಲಿ ಜಿಲ್ಲಾ ಪರಿಷತ್ತಿನ ಮೂರು ಪ್ರಾಥಮಿಕ ಶಾಲೆಗಳಿವೆ. ಮೂರೂ ಒಂದೇ ಕೇಂದ್ರಕ್ಕೆ ಸೇರಿದವು, ಮೂರಕ್ಕೂ ಒಬ್ಬರೇ ಕೇಂದ್ರಪ್ರಮುಖರು.

ಪುಣೆಯಲ್ಲಿ ಕೂತು ದಿನವಿಡೀ ಡೇಟಾ ನೋಡುವವನು ನಾನು. ಯುಡೈಸ್ ಪ್ಲಸ್ ಜಾಲತಾಣ ತೆರೆದೆ. ದೇಶದ ಪ್ರತಿ ಶಾಲೆಯ ಮಕ್ಕಳು, ಶಿಕ್ಷಕರು, ಕೋಣೆ, ಶೌಚಾಲಯ, ವಿದ್ಯುತ್ತಿನ ಲೆಕ್ಕ ಅಲ್ಲಿ ಸಿಗುತ್ತದೆ. ಎಲ್ಲವನ್ನೂ ಎಕ್ಸೆಲ್‌ಗೆ ಹಾಕಿದೆ. ವಸ್ತಿಯ ಕನ್ನಡ ಶಾಲೆಯಲ್ಲಿ 14 ಮಕ್ಕಳು, ಒಬ್ಬ ಶಿಕ್ಷಕ. ಊರೊಳಗಿನ ಕನ್ನಡ ಶಾಲೆಯಲ್ಲಿ 58 ಮಕ್ಕಳು, ಇಬ್ಬರು ಶಿಕ್ಷಕರು. ರಸ್ತೆ ಬದಿಯ ಮರಾಠಿ ಶಾಲೆಯಲ್ಲಿ 84 ಮಕ್ಕಳು, ಮೂವರು ಶಿಕ್ಷಕರು. ನೀರು, ಶೌಚಾಲಯ, ಕರೆಂಟು ಮೂರರಲ್ಲೂ 'ಇದೆ'. ಒಬ್ಬ ಶಿಕ್ಷಕನಿಗೆ ಹದಿನಾಲ್ಕೇ ಮಕ್ಕಳು ಎಂದರೆ ಪುಣೆಯ ಲಕ್ಷ ರೂಪಾಯಿ ಫೀಸಿನ ಶಾಲೆಯಲ್ಲೂ ಸಿಗದ ಭಾಗ್ಯ. ವಸ್ತಿ ಶಾಲೆಗೇ ಹಾಕು ಎಂದೆ.

ಅಣ್ಣ ನಕ್ಕ. "ಒಂದ್ಸಲ ಬಂದು ಸಾಲ್ಯಾಗ ಕುಂದ್ರು, ಆಮ್ಯಾಲ ಹೇಳು."

ಜೂನ್ ಕೊನೆಯ ವಾರ ರಜೆ ಹಾಕಿ ಹೋದೆ. ವಸ್ತಿ ಶಾಲೆಯಲ್ಲಿ ಒಂದೇ ಕೋಣೆ, ಅದರಲ್ಲೇ ನಾಲ್ಕು ತರಗತಿ. ಗುರುಜಿ ಒಂದನೆಯವರಿಗೆ ಅಕ್ಷರ ತಿದ್ದಿಸುವಾಗ ನಾಲ್ಕನೆಯವರು ಭಾಗಾಕಾರಕ್ಕೆ ಕಾಯುತ್ತಿದ್ದರು. ಖಿಚಡಿಯ ಲೆಕ್ಕ, ಮೊಬೈಲಿನಲ್ಲಿ ತುಂಬುವ ಮಾಹಿತಿ, ತಾಲೂಕಿನ ಮೀಟಿಂಗು ಎಲ್ಲವೂ ಅವರ ಪಾಲಿಗೇ. "ನಾ ರಜಾ ಹಾಕಿದ್ರ ಸಾಲಿಗೇ ರಜಾರಿ" ಎಂದರು. ಹಾಗಿದ್ದೂ ಪ್ರತಿ ಮಗುವಿನ ಮನೆಯ ಕತೆ ಅವರಿಗೆ ಗೊತ್ತು. ಶಿಕ್ಷಣ ಹಕ್ಕು ಕಾಯ್ದೆಯ ಪ್ರಕಾರ 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು. ನನ್ನ ಎಕ್ಸೆಲ್ಲಿನಲ್ಲಿ ಮೊದಲ ಸ್ಥಾನದಲ್ಲಿದ್ದ ಶಾಲೆಯೇ ಆ ನಿಯಮಕ್ಕೆ ಹೊರಗಿತ್ತು. ಹಾಗೆಂದು ಅದನ್ನು ಮುಚ್ಚಿ ಎನ್ನಲಾರೆ. ವಸ್ತಿಯ ಚಿಕ್ಕ ಮಕ್ಕಳು ಎರಡು ಕಿಲೋಮೀಟರ್ ನಡೆಯಬೇಕಾಗುತ್ತದೆ.

ಊರ ಶಾಲೆಯಲ್ಲಿ ಇಬ್ಬರು ಶಿಕ್ಷಕರಿದ್ದದ್ದು ನಿಜ. ಒಬ್ಬರು ಹಳಬರು, ಕನ್ನಡದವರು. ಇನ್ನೊಬ್ಬರು ಮರಾಠಿ ಮಾಧ್ಯಮದಲ್ಲಿ ಓದಿ ಹೊಸದಾಗಿ ಬಂದ ಬಾಯಿ. ನಾನಿದ್ದಾಗಲೇ ಒಂದನೆಯ ತರಗತಿಯ ಹುಡುಗಿ "ಹೊಟ್ಟಿ ಕಡಿಲಿಕ್ಕತ್ತೈತಿ" ಎಂದು ಅತ್ತಳು. ಬಾಯಿಗೆ ತಿಳಿಯಲಿಲ್ಲ. ನಾಲ್ಕನೆಯ ತರಗತಿಯ ಹುಡುಗ ಎದ್ದು ಬಂದು ಮರಾಠಿಯಲ್ಲಿ ಹೇಳಬೇಕಾಯಿತು. ಬಾಯಿಯದೇನೂ ತಪ್ಪಿಲ್ಲ. ಕೊಟ್ಟ ಜಾಗಕ್ಕೆ ಬಂದಿದ್ದಾರೆ, ಮಕ್ಕಳ ಜೊತೆ ತಾವೂ ಕನ್ನಡ ಅಕ್ಷರ ಬರೆದು ಕಲಿಯುತ್ತಿದ್ದಾರೆ. ಆದರೆ ಕನ್ನಡದಲ್ಲಿ ಪಾಠ ಹೇಳಬಲ್ಲವರ ಲೆಕ್ಕ ಹಿಡಿದರೆ 58 ಮಕ್ಕಳಿಗೆ ಒಬ್ಬರೇ.

ಮರಾಠಿ ಶಾಲೆಯಲ್ಲಿ ಗೋಡೆ ತುಂಬ ಚಿತ್ರ, ಮೂವರು ಚುರುಕು ಶಿಕ್ಷಕರು. ಅಲ್ಲಿಯೂ ಅರ್ಧದಷ್ಟು ಮಕ್ಕಳ ಮನೆಮಾತು ಕನ್ನಡವೇ. ಮೊದಲ ವರ್ಷ ಅವರು ಕೇಳಿದ್ದಕ್ಕೆಲ್ಲ ತಲೆಯಾಡಿಸುತ್ತಾರೆ. ನಾಲ್ಕನೆಯ ತರಗತಿಗೆ ಬರುವಷ್ಟರಲ್ಲಿ ಮರಾಠಿ ಸಲೀಸು, ಕನ್ನಡ ಓದಲು ಬರುವುದಿಲ್ಲ. "ಮುಂದ ಹೈಸ್ಕೂಲು, ನೌಕರಿ ಎಲ್ಲಾ ಮರಾಠಿನ್ಯಾಗ" ಎಂಬ ಪಾಲಕರ ಮಾತನ್ನು ತಳ್ಳಿಹಾಕುವಂತಿಲ್ಲ. ಆದರೆ 2020ರ ಕಾಯ್ದೆಯಿಂದ ಮಹಾರಾಷ್ಟ್ರದ ಎಲ್ಲ ಮಾಧ್ಯಮದ ಶಾಲೆಗಳಲ್ಲೂ ಮರಾಠಿ ಕಡ್ಡಾಯವಾಗಿದೆ. ಕನ್ನಡ ಶಾಲೆಗೆ ಹಾಕಿದರೆ ಮರಾಠಿ ತಪ್ಪುತ್ತದೆ ಎಂಬ ಭಯಕ್ಕೆ ಈಗ ಕಾರಣವಿಲ್ಲ.

ಪುಸ್ತಕದ ಕೊರತೆಯೂ ಇಲ್ಲ. ಪುಣೆಯ ಸೇನಾಪತಿ ಬಾಪಟ್ ರಸ್ತೆಯ ಬಾಲಭಾರತಿಯೇ ಕನ್ನಡ ಮಾಧ್ಯಮದ ಪಠ್ಯಪುಸ್ತಕಗಳನ್ನೂ ಪ್ರಕಟಿಸುತ್ತದೆ. ಆಫೀಸಿಗೆ ಹೋಗುವಾಗ ಎಷ್ಟೋ ಸಲ ಆ ಕಟ್ಟಡದ ಮುಂದೆ ಹಾದಿದ್ದೇನೆ. ಪುಸ್ತಕ ಊರು ಮುಟ್ಟುತ್ತದೆ, ಅದನ್ನು ಓದಿ ಹೇಳುವವರು ಸಾಲುತ್ತಿಲ್ಲ.

ಅಣ್ಣ ಮಗಳನ್ನು ಊರ ಕನ್ನಡ ಶಾಲೆಗೇ ಹಾಕಿದ. ಪುಣೆಯಲ್ಲಿರುವ ನಮ್ಮೂರಿನವರು ಸ್ಮಾರ್ಟ್ ಟಿವಿ ಕೊಡಿಸಲೆಂದು ಹಣ ಕೂಡಿಸಿದ್ದೆವು. ಶಾಲಾ ವ್ಯವಸ್ಥಾಪನ ಸಮಿತಿಯವರ ಜೊತೆ ಮಾತಾಡಿ ಆ ಹಣವನ್ನು ಡಿ.ಎಡ್. ಮುಗಿಸಿ ಊರಲ್ಲೇ ಇದ್ದ ಹುಡುಗಿಯೊಬ್ಬಳ ಮಾನಧನಕ್ಕೆ ತಿರುಗಿಸಿದೆವು. ಈಗ ಅವಳು ಒಂದು, ಎರಡನೆಯ ತರಗತಿಯ ಮಕ್ಕಳ ಜೊತೆ ಕೂರುತ್ತಾಳೆ. ಇದು ಒಂದು ವರ್ಷದ ಮಾತು. ಕನ್ನಡ ಬಲ್ಲ ಶಿಕ್ಷಕರನ್ನು ತುಂಬಬೇಕಾದದ್ದು ಸರ್ಕಾರವೇ. ಅದಕ್ಕೂ ಅರ್ಜಿ ಕೊಟ್ಟಿದ್ದೇವೆ.

ನನ್ನ ಎಕ್ಸೆಲ್ಲಿಗೆ ಎರಡು ಕಾಲಂ ಸೇರಿಸಿದ್ದೇನೆ: ಒಬ್ಬ ಶಿಕ್ಷಕರ ಪಾಲಿಗೆ ಎಷ್ಟು ತರಗತಿ? ಮಗುವಿನ ಮಾತು ಶಿಕ್ಷಕರಿಗೆ ತಿಳಿಯುತ್ತದೆಯೇ? ನಿಮ್ಮೂರ ಶಾಲೆಗೆ ಟಿವಿಯನ್ನೋ ಬಣ್ಣವನ್ನೋ ಕೊಡಿಸುವ ಮುಂಚೆ ಈ ಎರಡನ್ನು ತುಂಬಿ ನೋಡಿ. ಅದಕ್ಕೆ ಒಂದು ದಿನ ರಜೆ ಹಾಕಿ ಸಾಲ್ಯಾಗ ಕುಂದ್ರಬೇಕು, ಅಷ್ಟೇ.